ಚನ್ನಿಗ ಇಡ್ಲಿ ವ್ಯಾನನ್ನು ಟ್ರ್ಯಾಕಿಗೆ ಬಿಟ್ಟಿದ್ದು

ಬನ್ನಿ, ಹತ್ತಿರ ಕೂತ್ಕೊಳ್ಳಿ. ನಡುವೆ ಬಾಯಿ ಹಾಕೋರು ಈಗಲೇ ಎದ್ದು ಹೋಗಿ, ನನಗೆ ಆಗಲ್ಲ. ನಗು ಬಂದರೆ ನಗಿ, ಅದಕ್ಕೆ ಅಡ್ಡಿಯಿಲ್ಲ.

ಕೋಡಿಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟತಾಯಮ್ಮ ಅಂತ ಇದ್ದಳು. ಗಂಡ ಇಲ್ಲ. ಇದ್ದದ್ದು ಎರಡೇ: ಒಂದು ಹಳೇ ವ್ಯಾನು, ಒಬ್ಬ ಮಗ. ವ್ಯಾನಿನ ಹಿಂದಿನ ಬಾಗಿಲು ಎತ್ತಿ ಇಡ್ಲಿ ಮಾರೋಳು. ವ್ಯಾನು ಹೇಳಿದ ಮಾತು ಕೇಳ್ತಿರಲಿಲ್ಲ. ಮಗ ಕೇಳ್ತಿದ್ದ, ಅದೇ ತೊಂದರೆ! ಅವನ ಹೆಸರು ಚನ್ನಿಗ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಒಂದು ಕೂದಲೆಳೆ ಆಚೆಗಿಲ್ಲ, ಈಚೆಗಿಲ್ಲ.

ಒಂದು ದಿನ ಚನ್ನಿಗ ವ್ಯಾನನ್ನ ಬರ್ರ್ ಅಂತ ಓಡಿಸ್ಕೊಂಡು ಬಂದ. ಪೊಲೀಸ್ ಸಾಹೇಬ್ರು ಅಡ್ಡ ಹಾಕಿದ್ರು.

"ಏಯ್! ಇದೇನು ನಿಮ್ಮಪ್ಪನ ರೋಡಾ? ಇಷ್ಟು ಜೋರಾಗಿ ಓಡಿಸಬೇಕು ಅಂದ್ರೆ ರೇಸ್ ಟ್ರ್ಯಾಕಿಗೆ ಹೋಗು!"

"ಆಗಲಿ ಸಾರ್. ಎಲ್ಲೈತೆ ಸಾರ್?"

"ಹೆದ್ದಾರಿ ಆಚೆ ಐತೆ. ಭಾನುವಾರ ದುಡ್ಡು ಕಟ್ಟಿದ್ರೆ ಯಾವ ಗಾಡಿ ಬೇಕಾದ್ರೂ ಬಿಡ್ತಾರೆ. ಹೋಗು, ಹೋಗು!"

ಹೋಗು ಅಂದ ಮೇಲೆ ಹೋಗದೆ ಇರ್ತಾನಾ? ನೆಟ್ಟಗೆ ಹೋದ. ಅಮ್ಮ ಹೊಸ ಗ್ರೈಂಡರಿಗೆ ಅಂತ ಕೊಟ್ಟಿದ್ದ ದುಡ್ಡು ಜೇಬಲ್ಲಿತ್ತು, ಕಟ್ಟಿದ. ಚೀಟಿ ತಂದು ಅಮ್ಮನ ಕೈಗಿಟ್ಟ.

"ಅಯ್ಯೋ ನನ್ನ ಹಣೆಬರಹವೇ! ಇಡ್ಲಿ ವ್ಯಾನಿಗೆ ರೇಸೇನೋ? ಹೋಗಿ ದುಡ್ಡು ವಾಪಸ್ ಈಸ್ಕೊಂಡು ಬಾ!"

"ಕಟ್ಟಿದ ದುಡ್ಡು ವಾಪಸ್ ಕೊಡಲ್ಲವಂತೆ ಅಮ್ಮ."

ಪುಟ್ಟತಾಯಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಯಾಕೆ ಅಂತೀರಾ? ತಿಂಗಳ ಕೊನೆಗೆ ಬಸ್‌ಸ್ಟ್ಯಾಂಡಿನ ಜಾಗ ಖಾಲಿ ಮಾಡು ಅಂದಿದ್ರು. ಮುಂದೆ ಎಲ್ಲಿ ಮಾರೋದು? ಉಳಿದಿದ್ದು ಒಂದೇ ದಾರಿ. ಭಾನುವಾರ ಆದ ಮೇಲೆ ಸೋಮವಾರ ಬೆಳಗ್ಗೆ ರೈಸ್‌ಮಿಲ್ಲಿನ ಪಾಂಡುರಂಗ ಶೆಟ್ಟರ ಹೊಸಮನೆ ಗೃಹಪ್ರವೇಶ. ತಿಂಡಿ ಪುಟ್ಟತಾಯಮ್ಮಂದು. ಹೊತ್ತಿಗೆ ಸರಿಯಾಗಿ ಬಿಸಿ ಇಡ್ಲಿ ತಲುಪಿದ್ರೆ ಮಿಲ್ಲಿನ ಆಳುಗಳಿಗೆಲ್ಲ ದಿನಾ ತಿಂಡಿ ಕೊಡೋ ಕೆಲಸ ನಿಂದೇ ಅಂದಿದ್ರು ಶೆಟ್ಟರು. ವ್ಯಾನು ಇದ್ರೆ ತಾನೇ ತಲುಪೋದು? ವ್ಯಾನು ಮುರಿದ್ರೆ ಅನ್ನವೂ ಮುರೀತು.

"ಕಟ್ಟಿದ ದುಡ್ಡು ದಂಡ ಆಗೋದು ಬೇಡ, ಹಾಳಾಗಿ ಹೋಗು. ಆದ್ರೆ ಗಾಡಿ ಗಟ್ಟಿಮುಟ್ಟಾಗಿ ಹೋಗಬೇಕು, ಗಟ್ಟಿಮುಟ್ಟಾಗಿ ಬರಬೇಕು," ಅಂದಳು. ಸೆರಗಿನ ಗಂಟು ಬಿಚ್ಚಿದಳು. "ತಗೋ. ಇದು ಟಯರಿಗೆ, ಇದು ಬ್ರೇಕಿಗೆ, ಇದು ಪೆಟ್ರೋಲಿಗೆ, ಇದು ನಿನ್ನ ಊಟಕ್ಕೆ. ಒಂದಕ್ಕೆ ಇಟ್ಟಿದ್ದು ಇನ್ನೊಂದಕ್ಕೆ ಹೋಗಬಾರದು. ಯಾವುದರ ದುಡ್ಡು ಅದಕ್ಕೇ ಹಾಕು. ತಿಳೀತಾ?"

"ತಿಳೀತಮ್ಮ!"

ಹೋದ. ಟಯರಿನ ದುಡ್ಡು ಚಕ್ರದ ತಟ್ಟೆಯೊಳಗೆ ತುರುಕಿದ. ಬ್ರೇಕಿನ ದುಡ್ಡು ಬ್ರೇಕಿನ ಸಂದಿಗೆ ಸಿಕ್ಕಿಸಿದ. ಪೆಟ್ರೋಲಿನ ದುಡ್ಡು ಸುರುಳಿ ಸುತ್ತಿ ಟ್ಯಾಂಕಿನೊಳಗೆ ಬಿಟ್ಟ. ಸಂಜೆ ನೋಡಿದ್ರೆ ವ್ಯಾನು ಕೆಮ್ಮುತ್ತೆ, ಕೆಮ್ಮುತ್ತೆ, ನಿಲ್ಲುತ್ತೆ.

"ದುಡ್ಡೆಲ್ಲ ಎಲ್ಲೋ?"

"ಹಾಕಿದೆನಲ್ಲಮ್ಮ! ಟಯರಿಂದು ಟಯರಿಗೆ, ಬ್ರೇಕಿಂದು ಬ್ರೇಕಿಗೆ, ಪೆಟ್ರೋಲಿಂದು ಪೆಟ್ರೋಲಿಗೆ!"

"ಅಯ್ಯೋ ಶಿವನೇ! ಊಟದ್ದೋ?"

"ಅದನ್ನ ಊಟದ ಡಬ್ಬಿಗೆ ಹಾಕಿ ಮೇಲೆ ಸಾರು ಬಿಟ್ಟಿದ್ದೀನಿ."

ಮೆಕ್ಯಾನಿಕ್ ಬಾಬಾಜಾನ್ ಬಂದು ಕಂಬಿ ಬಿಟ್ಟು ನೋಟು ಎಳೆದ. ಪುಟ್ಟತಾಯಮ್ಮ ಒಂದೊಂದನ್ನೂ ತೊಳೆದು ಬಟ್ಟೆ ಒಣಗಿಸೋ ದಾರದ ಮೇಲೆ ನೇತುಹಾಕಿದಳು. ಸಾರಿನ ನೋಟಿಗೆ ಮಾತ್ರ ಒಗ್ಗರಣೆ ವಾಸನೆ ಹೋಗಲೇ ಇಲ್ಲ.

"ಪೆದ್ದ ಮುಂಡೇದೇ! ದುಡ್ಡನ್ನ ಗಾಡಿಗೆ ತಿನ್ನಿಸ್ತಾರೇನೋ? ಕೆಲಸ ಮಾಡೋನ ಕೈಗೆ ಕೊಡೋದು! ಅದೂ ಅವನು ಹೇಳಿದಷ್ಟು ಕೊಡೋದಲ್ಲ. ಅವನು ಎಷ್ಟೇ ಹೇಳಲಿ, ಅರ್ಧಕ್ಕೆ ಕೇಳಬೇಕು. ಬಗ್ಗಬಾರದು. ತಿಳೀತಾ?"

"ತಿಳೀತಮ್ಮ!"

ಮಾರನೇ ದಿನ ಬಾಬಾಜಾನ್ ಅಂಗಡಿಗೆ ಹೋದ.

ಬಾಬಾಜಾನ್ ಅಂದ, "ನೋಡಪ್ಪ, ನಾಲ್ಕು ಚಕ್ರಕ್ಕೂ ಬ್ರೇಕ್ ಸರಿ ಮಾಡಬೇಕು."

"ನಾಲ್ಕಾಗಲ್ಲ. ಎರಡಕ್ಕೆ ಮಾಡ್ಕೊಡಿ."

"ಏನು? ಇನ್ನೆರಡು ಚಕ್ರ ನಿಲ್ಲೋದು ಬೇಡವಾ?"

"ಬಗ್ಗಬಾರದು ಅಂತ ಅಮ್ಮ ಹೇಳೌಳೆ. ಎರಡು!"

"ಸರಿ ಬಿಡು, ಅದು ಆಮೇಲೆ ನೋಡೋಣ. ಚಕ್ರಕ್ಕೆ ಮೂವತ್ತು ಗಾಳಿ ಹಿಡೀತೀನಿ."

"ಮೂವತ್ತಾ! ಹದಿನೈದಕ್ಕೆ ಬಿಡಣ್ಣ."

"ಲೋ, ಗಾಳಿಗೆ ನಾನು ಕಾಸು ತಗೊಳ್ಳಲ್ಲ ಕಣೋ. ಪುಕ್ಕಟೆ!"

"ಪುಕ್ಕಟೆ ಆದ್ರೂ ಅರ್ಧ ಪುಕ್ಕಟೆ ಸಾಕು. ಜಾಸ್ತಿ ಒಂದು ಉಸಿರೂ ಬೇಡ!"

ಬಾಬಾಜಾನ್‌ಗೆ ರೇಗಿಹೋಯ್ತು. "ತಗೋ, ನಿನ್ನ ಹದಿನೈದು!" ಅಂತ ಬಿಟ್ಟ. ವ್ಯಾನು ಬಸುರಿ ಎಮ್ಮೆ ಹಾಗೆ ತೇಕ್ತಾ, ಓಲಾಡ್ತಾ ಮನೆಗೆ ಬಂತು. ಪುಟ್ಟತಾಯಮ್ಮ ಚಕ್ರ ನೋಡಿದಳು, ಮಗನ್ನ ನೋಡಿದಳು, ಕಿವಿ ಹಿಡಿದು ಬಾಬಾಜಾನ್ ಅಂಗಡಿಗೇ ಎಳ್ಕೊಂಡು ಹೋದಳು. ನಾಲ್ಕು ಚಕ್ರಕ್ಕೂ ಬ್ರೇಕು, ನಾಲ್ಕಕ್ಕೂ ಪೂರ್ತಿ ಗಾಳಿ, ಹೊಸ ಎಣ್ಣೆ, ಎಲ್ಲ ಮುಂದೆ ನಿಂತು ಮಾಡಿಸಿದಳು. ಇದ್ದಬದ್ದ ದುಡ್ಡು ಅಲ್ಲಿಗೆ ಖರ್ಚಾಯ್ತು.

ಬಾಬಾಜಾನ್ ಒಳ್ಳೇವನು. ಬುದ್ಧಿ ಹೇಳಿದ. "ನೋಡು ಚನ್ನಿಗ, ಟ್ರ್ಯಾಕಿಗೆ ಹೋಗೋ ಗಾಡಿಯೊಳಗೆ ಅಲ್ಲಾಡೋ ಸಾಮಾನು ಒಂದೂ ಇರಬಾರದು. ತಿರುವಿನಲ್ಲಿ ಹಾರಿ ಬಂದು ನೆತ್ತಿಗೆ ಬಡೀತದೆ. ಅಲ್ಲಾಡೋದು ಕಂಡ್ರೆ ಇಳಿಸಿಬಿಡು. ಅರ್ಧ ಗಿರ್ಧ ಅಲ್ಲ, ಪೂರ್ತಿ ಇಳಿಸು. ತಿಳೀತಾ?"

"ತಿಳೀತಣ್ಣ!"

ಶನಿವಾರ ತಾಯಿ ಮಗ ಸಂತೆಗೆ ಹೋದ್ರು. ಶೆಟ್ಟರು ಕೊಟ್ಟಿದ್ದ ಮುಂಗಡದಲ್ಲಿ ಸೋಮವಾರಕ್ಕೆ ಉದ್ದು, ಅಕ್ಕಿ, ತೆಂಗಿನಕಾಯಿ ತಗೊಂಡ್ರು. ವಾಪಸ್ ಬರೋ ದಾರಿ ಗೊತ್ತಲ್ಲ, ಗುಂಡಿ ಬಿಟ್ಟು ಇನ್ನೇನಿಲ್ಲ. ತೆಂಗಿನಕಾಯಿ ಗಡಗಡ ಉರುಳ್ತು. ಚನ್ನಿಗ ಗಾಡಿ ನಿಲ್ಲಿಸಿದ, ತೆಂಗಿನಕಾಯಿ ಇಳಿಸಿದ. ಮುಂದೆ ಹೋದ, ಅಕ್ಕಿ ಮೂಟೆ ಅಲ್ಲಾಡ್ತು. ನಿಲ್ಲಿಸಿದ, ಇಳಿಸಿದ.

"ಏನೋ ಮಾಡ್ತಿದ್ದೀಯ?" ಅಂತ ಕೂಗ್ತಾ ಹಿಂದಿನ ಸೀಟಲ್ಲಿ ಅಮ್ಮ ಎಗರಿ ಎಗರಿ ಬಿದ್ದಳು.

ಚನ್ನಿಗ ನಿಲ್ಲಿಸಿದ. ಅಮ್ಮನ್ನೂ ಎತ್ತಿ ಇಳಿಸಿದ! ಬರ್ರ್ ಅಂತ ಹೋಗೇಬಿಟ್ಟ!

ಪಾಪ, ಆ ತಾಯಿ ಬರೋ ಟ್ರ್ಯಾಕ್ಟರಿಗೆ ಕೈಮುಗಿದು, ಮೂಟೆ ಎತ್ತಿಸಿ, ಕಾಯಿ ಆರಿಸಿ, ಧೂಳು ಮೆತ್ಕೊಂಡು ಮನೆ ಸೇರಿದಳು. ಮಗ ಜಗಲಿ ಮೇಲೆ ಕೂತು ಕಾಲು ಆಡಿಸ್ತಿದ್ದ.

"ಹೆತ್ತ ತಾಯಿನ ನಡುರೋಡಲ್ಲಿ ಇಳಿಸಿ ಬರ್ತೀಯೇನೋ!"

"ನೀನೂ ಅಲ್ಲಾಡ್ತಿದ್ದೆಯಲ್ಲಮ್ಮ!"

"ಆ ರೋಡಲ್ಲಿ ಅಲ್ಲಾಡದೆ ಇರೋಕೆ ನಾನೇನು ಒರಳುಕಲ್ಲಾ? ಅಲ್ಲಾಡಿದ್ದನ್ನ ಇಳಿಸೋದಲ್ಲ ಕಣೋ, ಹಗ್ಗ ತಗೊಂಡು ಬಿಗಿಯಾಗಿ ಕಟ್ಟಬೇಕು! ಅಲ್ಲಾಡ್ತಾ? ಕಟ್ಟು! ತಿಳೀತಾ?"

"ತಿಳೀತಮ್ಮ! ಅಲ್ಲಾಡ್ತಾ, ಕಟ್ಟು."

ಭಾನುವಾರ ಬಂತು. ಪಕ್ಕದ ಮನೆಯವರ ಬೈಕಿನ ಹೆಲ್ಮೆಟ್ ಹಾಕ್ಕೊಂಡ, ಒಂದು ಸುತ್ತು ಹಗ್ಗ ಇಟ್ಕೊಂಡ, ಹೊರಟ. ಟ್ರ್ಯಾಕಲ್ಲಿ ನೋಡಿದ್ರೆ ಒಂದಕ್ಕಿಂತ ಒಂದು ಮಿರಮಿರ ಮಿಂಚೋ ಕಾರು. ನಡುವೆ ನಮ್ಮ ವ್ಯಾನು, ಬೆನ್ನ ಮೇಲೆ 'ಬಿಸಿ ಬಿಸಿ ಇಡ್ಲಿ' ಅಂತ ಬೋರ್ಡು. ಅಲ್ಲಿನ ಯಜಮಾನ್ರು ಬಂದು ಬ್ರೇಕ್ ನೋಡಿದ್ರು, ಗಾಳಿ ನೋಡಿದ್ರು, ಒಳಗೆ ಇಣುಕಿದ್ರು. ಸಾಮಾನೆಲ್ಲ ಹಗ್ಗದಲ್ಲಿ ಕಟ್ಟಿದ್ದು ಕಟ್ಟಿದ ಹಾಗೇ ಇದೆ. "ಪರವಾಗಿಲ್ಲ ಕಣಯ್ಯ, ಎಲ್ಲರಿಗಿಂತ ನಿಂದೇ ಅಚ್ಚುಕಟ್ಟು," ಅಂದ್ರು.

ಹೊರಟ ಚನ್ನಿಗ. ಮೊದಲ ತಿರುವಲ್ಲಿ ಒಬ್ಬ ಎತ್ತರಕ್ಕೆ ನಿಂತು ಬಾವುಟ ಅಲ್ಲಾಡಿಸ್ತಾ ಇದ್ದ.

ಅಲ್ಲಾಡ್ತಾ! ಚನ್ನಿಗ ಗಕ್ಕನೆ ನಿಲ್ಲಿಸಿದ. ಹಗ್ಗ ತಗೊಂಡು ಇಳಿದ. ಬಾವುಟ ಹಿಡಿದು ಕಂಬಕ್ಕೆ ಬಿಗಿದ. ಬಾವುಟದವನು "ಬಿಡೋ, ಬಿಡೋ!" ಅಂತ ಕೈ ಆಡಿಸಿದ. ಕೈನೂ ಬಿಗಿದ. ಕಾಲು ಒದರಿದ. ಕಾಲನ್ನೂ ಬಿಗಿದ! ಹಿಂದೆ ಮಿಂಚೋ ಕಾರೆಲ್ಲ ಸಾಲಾಗಿ ನಿಂತು ಕೀಂ ಕೀಂ ಅಂತ ಅರಚಿದ್ವು.

ಯಜಮಾನ್ರು ಓಡಿ ಬಂದ್ರು. ಮುಖ ಮೆಣಸಿನಕಾಯಿ!

"ಅಯೋಗ್ಯ! ಬಾವುಟ ಕಟ್ಟೋಕೆ ಅಲ್ಲವೋ, ನೋಡೋಕೆ! ಕೇಳು ಇಲ್ಲಿ. ಕಪ್ಪು ಬಿಳುಪು ಚೌಕಳಿ ಬಾವುಟ ಬೀಸಿದ್ರೆ ಆಟ ಮುಗೀತು, ನಿಲ್ಲಿಸು. ಅದು ಕಾಣೋವರೆಗೂ ಸುತ್ತು. ಯಾರು ಕೂಗಲಿ, ಯಾರು ಕರೀಲಿ, ನಡುವೆ ನಿಲ್ಲಿಸಬೇಡ! ತಿಳೀತಾ?"

"ತಿಳೀತು ಸಾರ್!"

ಆಗ ನಡೀತು ನೋಡಿ ಒಂದು ಆಶ್ಚರ್ಯ. ಚನ್ನಿಗ ಹೇಳಿದ ಹಾಗೆ ಮಾಡಿದ, ಸರಿಯಾಗೇ ಮಾಡಿದ! ಸುತ್ತಿದ, ಸುತ್ತಿದ. ಎಲ್ಲ ಕಾರೂ ಅವನನ್ನ ದಾಟ್ಕೊಂಡು ಹೋದ್ವು, ಅವನು ಯಾರನ್ನೂ ದಾಟಲಿಲ್ಲ. ಚೌಕಳಿ ಬಾವುಟ ಬೀಸಿದ್ರು, ನಿಲ್ಲಿಸಿದ. ಸಂಜೆಗೆ ಮನೆಗೆ ಬಂದ.

ಪುಟ್ಟತಾಯಮ್ಮ ಬಾಗಿಲಲ್ಲೇ ನಿಂತಿದ್ದಳು. ವ್ಯಾನಿನ ಸುತ್ತ ಬಂದಳು. ದೀಪ ನೋಡಿದಳು, ಕನ್ನಡಿ ನೋಡಿದಳು, ಅಂಗೈಯಲ್ಲಿ ಸವರಿ ನೋಡಿದಳು. ಒಂದು ಗೀರಿಲ್ಲ! ಕಣ್ಣಲ್ಲಿ ನೀರು ಬಂತು ಅವಳಿಗೆ. ಹುಟ್ಟಿದಾಗಿನಿಂದ ಈ ಮಗ ಒಂದು ಕೆಲಸ ನೆಟ್ಟಗೆ ಮಾಡಿದ್ದು ಇದೇ ಮೊದಲು. ಕೆನ್ನೆ ಸವರಿ ಲಟಿಕೆ ಮುರಿದಳು.

"ನನ್ನ ಬಂಗಾರ! ನಾಳೆ ಶೆಟ್ಟರ ಮನೆಗೂ ಹೀಗೇ ಓಡಿಸಪ್ಪ. ಇವತ್ತು ಅಲ್ಲಿ ಹೇಗೆ ಓಡಿಸಿದೆಯೋ ಹಾಗೇ. ಒಂದು ಚೂರೂ ಬದಲಾಯಿಸಬೇಡ!"

ಅಯ್ಯೋ ಪುಟ್ಟತಾಯಮ್ಮ! ಬೈದು ಕೆಟ್ಟಿದ್ದು ಸಾಲದು ಅಂತ ಹೊಗಳಿ ಕೆಟ್ಟೆಯಲ್ಲೇ!

"ತಿಳೀತಮ್ಮ!" ಅಂದ ಚನ್ನಿಗ.

ಸೋಮವಾರ ಬೆಳಗ್ಗೆ ಇಡ್ಲಿ ಪಾತ್ರೆ, ಚಟ್ನಿ ಪಾತ್ರೆ, ಸಾಂಬಾರಿನ ಪಾತ್ರೆ ಎಲ್ಲ ವ್ಯಾನಿಗೆ ಏರಿದ್ವು. ಚನ್ನಿಗ ಒಂದೊಂದನ್ನೂ ಬಿಗಿದ. ಅಮ್ಮ ಹತ್ತಿ ಕೂತು ಸೆರಗು ಸರಿ ಮಾಡ್ಕೊಂಡಳು. ಅಲ್ಲಾಡ್ತಾ? ಅಮ್ಮನ್ನೂ ಸೀಟಿಗೆ ಬಿಗಿದ!

"ಲೋ, ಲೋ, ಬಿಚ್ಚೋ!"

ಎಲ್ಲಿ ಕೇಳುತ್ತೆ? ನಿನ್ನೆ ಹೆಲ್ಮೆಟ್ ಹಾಕಿದ್ದ, ಇವತ್ತೂ ಹಾಕಿದ್ದ. ಬರ್ರ್!

ಶೆಟ್ಟರ ಹೊಸಮನೆ ಬಂತು. ತೋರಣ, ಚಪ್ಪರ, ಜನವೋ ಜನ. ಮನೆ ಸುತ್ತ ಹೊಸದಾಗಿ ಡಾಂಬರು ಹಾಕಿದ ದಾರಿ. ಚನ್ನಿಗ ಬಾಗಿಲಿಗೆ ಬಂದ. ನೋಡಿದ. ಚೌಕಳಿ ಬಾವುಟ ಇಲ್ಲ. ನಿಲ್ಲಿಸಲಿಲ್ಲ. ಮನೆ ಸುತ್ತ ಒಂದು ಸುತ್ತು ಹಾಕಿದ, ಬಲಗಡೆಗೆ.

ಪುರೋಹಿತರಿಗೆ ಸಂತೋಷ ಆಗೋಯ್ತು. "ನೋಡಿದ್ರಾ ಶೆಟ್ಟರೇ? ಅನ್ನ ಹೊತ್ತ ಗಾಡಿ ಹೊಸಮನೆಗೆ ಪ್ರದಕ್ಷಿಣೆ ಬರ್ತಿದೆ! ಎಂಥ ಸಂಸ್ಕಾರ!"

ಜನ ಎಲ್ಲ ಕೈಮುಗಿದು ನಿಂತ್ರು. ಇನ್ನೊಂದು ಸುತ್ತು ಬಂದ. "ಮೂರು ಬರ್ತಾನೆ, ಮೂರು ಬರಬೇಕು," ಅಂದ್ರು. ಮೂರೂ ಆಯ್ತು, ನಿಲ್ಲಿಸಲಿಲ್ಲ. "ಐದಾದ್ರೆ ಇನ್ನೂ ವಿಶೇಷ." ಐದೂ ದಾಟ್ತು. "ನವಗ್ರಹಕ್ಕೆ ಒಂಬತ್ತು!" ಒಂಬತ್ತೂ ಮುಗೀತು. ಅಷ್ಟು ಹೊತ್ತಿಗೆ ಪುರೋಹಿತರಿಗೇ ಹಸಿವಾಗಿತ್ತು. "ಸಾಕು ನಿಲ್ಲಿಸಯ್ಯ!" ಅಂತ ಕೂಗಿದ್ರು.

ಯಾರು ಕೂಗಲಿ, ಯಾರು ಕರೀಲಿ! ಇಡ್ಲಿ ಘಮ ಬಿಟ್ಕೊಂಡು ವ್ಯಾನು ಮುಂದೆ, ಹಸಿದ ನೆಂಟರು ಹಿಂದೆ. ಕಿಟಕಿಯಲ್ಲಿ ಪುಟ್ಟತಾಯಮ್ಮನ ಮುಖ ಬರುತ್ತೆ, ಹೋಗುತ್ತೆ, ಬರುತ್ತೆ, ಹೋಗುತ್ತೆ. "ಮಿಲ್ಲಿನ ಕೆಲಸ ಹೋಯ್ತಲ್ಲಪ್ಪೋ!" ಅಂತ ಅಳ್ತಿದ್ದಾಳೆ. ಕಡೆಗೆ, ರಾತ್ರಿ ಮಗ ಹೇಳಿದ್ದ ಬಾವುಟದ ಮಾತು ಅವಳಿಗೇ ನೆನಪಾಯ್ತು. ಮುಂದಿನ ಸುತ್ತಲ್ಲಿ ಕೂಗಿದಳು: "ಕಪ್ಪು ಬಿಳುಪು ಚೌಕಳಿ ಬಟ್ಟೆ ಬೀಸ್ರಪ್ಪೋ! ಅದು ಕಂಡ್ರೇನೇ ನಿಲ್ಲಿಸೋದು!"

ಗೃಹಪ್ರವೇಶದ ಮನೇಲಿ ರೇಷ್ಮೆ ಐತೆ, ಮಡಿ ಐತೆ, ಜರತಾರಿ ಐತೆ. ಕಪ್ಪು ಬಿಳುಪು ಚೌಕಳಿ ಎಲ್ಲಿ? ಇತ್ತು, ಒಂದೇ ಒಂದು ಇತ್ತು. ಶೆಟ್ಟರ ಮಾವನ ಸೊಂಟದಲ್ಲಿ!

ಈ ಮಾವ ಅಂದ್ರೆ ಸಾಮಾನ್ಯದೋರಲ್ಲ. ಹಿಂದಿನ ದಿನವೇ ಬಂದು ಮನೆ ಪೂರ್ತಿ ಹುಳುಕು ಹುಡುಕಿದ್ರು. ಬಾಗಿಲು ಸರಿಯಿಲ್ಲ, ಒಲೆ ಸರಿಯಿಲ್ಲ, ಬಸ್‌ಸ್ಟ್ಯಾಂಡಿನ ಇಡ್ಲಿ ತರಿಸ್ತೀಯಲ್ಲ ನಾಚಿಕೆ ಆಗಲ್ವಾ ಅಂತ ಶೆಟ್ಟರ ಪ್ರಾಣ ಹಿಂಡಿದ್ರು. ಇನ್ನೂ ಸ್ನಾನ ಆಗಿರಲಿಲ್ಲ, ಲುಂಗಿಯಲ್ಲೇ ಇದ್ರು. ಹಸಿದ ನೆಂಟರೆಲ್ಲ ಅವರ ಕಡೆ ತಿರುಗಿದ್ರು.

"ಬೇಡ! ಹತ್ತಿರ ಬಂದ್ರೆ ನೋಡಿ!"

ಯಾರು ಕೇಳ್ತಾರೆ? ಲುಂಗಿ ಬಂತು, ಗಾಳೀಲಿ ಹಾರಿತು. ವ್ಯಾನು ಗಕ್ಕನೆ ನಿಂತಿತು! ಚನ್ನಿಗ ಹೆಲ್ಮೆಟ್ ತೆಗೆದು ಹಲ್ಲು ಕಿರಿದ. "ನಾನೆಷ್ಟನೆಯವನು?" ಅಂದ.

ಪುಟ್ಟತಾಯಮ್ಮನ ಹಗ್ಗ ಬಿಚ್ಚಿದ್ರು. ಮಾವ ಪಟ್ಟೆ ಚಡ್ಡಿಯಲ್ಲಿ ನಿಂತು ಕೋಪಕ್ಕೆ ಗಡಗಡ ನಡುಗ್ತಾ ಇದ್ರು. "ಇವಳಿಗಾ ಮಿಲ್ಲಿನ ತಿಂಡಿ? ಈಗಿಂದೀಗಲೇ ಓಡಿಸಾಚೆಗೆ!" ಅಂದ್ರು.

"ಲುಂಗಿ ಕೊಡೋ ಅವರಿಗೆ! ಕೊಟ್ಟು ಕಾಲಿಗೆ ಬೀಳೋ!" ಅಂದಳು ಪುಟ್ಟತಾಯಮ್ಮ.

ಚನ್ನಿಗ ಲುಂಗಿ ತಗೊಂಡು ಹೋದ. ಮಾವನ್ನ ಮೇಲಿಂದ ಕೆಳಗೆ ನೋಡಿದ. ಅಲ್ಲಾಡ್ತಾ ಅವ್ರೆ! ಅಮ್ಮನ ಹಗ್ಗ ಕೈಯಲ್ಲೇ ಇತ್ತು. ಲುಂಗಿ ಸುತ್ತಿದ, ಮೇಲೆ ಹಗ್ಗ ಸುತ್ತಿದ, ಹೊಸಮನೆ ಕಂಬಕ್ಕೆ ಮಾವನ್ನ ಬಿಗಿದ! ಬಾಯಿ ಅಲ್ಲಾಡ್ತು. ಲುಂಗಿ ತುದಿ ಅದಕ್ಕೂ ಸುತ್ತಿದ!

ಪುಟ್ಟತಾಯಮ್ಮ ಮುಗೀತು ನನ್ನ ಕತೆ ಅಂತ ಕಣ್ಣು ಮುಚ್ಚಿದಳು.

ಶೆಟ್ಟರು ಮಾವನ್ನ ನೋಡಿದ್ರು. ಮದುವೆಯಾದಾಗಿನಿಂದ ಇಷ್ಟು ನಿಶ್ಶಬ್ದ ಅವರು ಕಂಡಿರಲಿಲ್ಲ. ಮೀಸೆ ಅದುರಿತು, ಹೊಟ್ಟೆ ಕುಣೀತು, ಆಮೇಲೆ ಹೋ ಅಂತ ನಕ್ಕರು ನೋಡಿ, ಚಪ್ಪರ ಹಾರಿಹೋಗಬೇಕು!

"ಯಾರೂ ಬಿಚ್ಚಬೇಡಿ! ತಿಂಡಿ ಆಗೋವರೆಗೂ ಬಿಚ್ಚಬೇಡಿ! ಇಷ್ಟು ಸುತ್ತಿದ್ರೂ ಒಂದು ಇಡ್ಲಿ ಮುರಿದಿಲ್ಲ. ಪುಟ್ಟತಾಯಮ್ಮ, ನಾಳೆಯಿಂದ ಮಿಲ್ಲಿನ ತಿಂಡಿ ನಿಂದೇ!"

ಪುಟ್ಟತಾಯಮ್ಮ ಅಳ್ತಾ ನಗ್ತಾ ಮಗನ್ನ ತಬ್ಕೊಂಡಳು. ಮತ್ತೆ ಭಯ ಆಯ್ತು. ಕೈಹಿಡಿದು ಬಾಗಿಲ ಪಕ್ಕ ನಿಲ್ಲಿಸಿದಳು.

"ನನ್ನಪ್ಪ, ನಿನ್ನ ದಮ್ಮಯ್ಯ, ಇನ್ನೇನೂ ಮಾಡಬೇಡ. ಇಲ್ಲೇ ಸುಮ್ಮನೆ ನಿಂತ್ಕೋ. ತಿಳೀತಾ?"

"ತಿಳೀತಮ್ಮ!"

ನಿಂತ. ತಿಂಡಿ ಆಯ್ತು, ಊಟ ಆಯ್ತು, ಮಾವನ್ನ ಬಿಚ್ಚಿದ್ದೂ ಆಯ್ತು. ನೆಂಟರು ಹೋದ್ರು, ಚಪ್ಪರ ಕಿತ್ತರು. ಶೆಟ್ಟರ ಮನೆಗೆ ಹೋಗೋರು ಬಾಗಿಲ ಪಕ್ಕ ಸ್ವಲ್ಪ ನೋಡ್ಕೊಂಡು ಹೋಗಿ. ಹೆಲ್ಮೆಟ್ ಹಿಡ್ಕೊಂಡು ಇನ್ನೂ ನಿಂತೌನೆ. ಮಾತಾಡಿಸಿ, ಆದ್ರೆ ಅವನ ಮುಂದೆ ಅಲ್ಲಾಡಬೇಡಿ.