ಬಸರಿ ಗಿಡದ ನೆರಳು ಬೀಳುವವರೆಗೆ

"ಬುದ್ಧಿ, ಕೈಮುಗಿಯಬೇಕಾದ ಕಡೆ ಸಿಟ್ಟು ಬಂದ್ರೆ ಏನು ಮಾಡ್ಬೇಕು?" ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಅವನು ಮಠದ ಶಿಷ್ಯ. ಹಿಂದಿನ ವಾರ ಅವನ ತಾಯಿಗೆ ಹಾವು ಕಚ್ಚಿತ್ತು. ಬಾಡಿಗೆ ಜೀಪಿನಲ್ಲಿ ಮಲಗಿಸಿಕೊಂಡು ಹೊಸ ಹೆದ್ದಾರಿ ಹಿಡಿದು ಜಿಲ್ಲಾಸ್ಪತ್ರೆಗೆ ಓಡಿದ್ದ. ಹಳೆಯ ರಸ್ತೆಯಲ್ಲಿ ಹೋಗಿದ್ದರೆ ಆಕೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರು. ಈಗ ತಾಯಿ ಮನೆಯಲ್ಲಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಆಕೆಯನ್ನು ಮರಳಿ ಕರೆತರುವಾಗ ಅದೇ ಹೆದ್ದಾರಿಯ ಟೋಲ್ ಗೇಟಿನಲ್ಲಿ ಮಗ ದೊಡ್ಡ ಜಗಳ ತೆಗೆದಿದ್ದ.

"ಆ ದಾರಿ ನಮ್ಮವ್ವನ ಜೀವ ಉಳಿಸ್ತು, ಇಲ್ಲ ಅನ್ನಲ್ಲ. ಆದ್ರೆ ಯಾವುದೋ ಕಂಪನಿ ರಸ್ತೆ ಮಾಡಿ, ಅಡ್ಡ ಕಂಬ ಇಟ್ಕೊಂಡು ವಸೂಲಿ ಮಾಡ್ತಾನೇ ಇದೆ. ಕೇಳಿದ್ರೆ, ಒಳ್ಳೆ ರಸ್ತೆ ಬೇಡ್ವಾ ಅಂತಾರೆ. ಬೇಕು. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಗುತ್ತೆ. ನಾನು ಉಪಕಾರ ನೆನೀಬೇಕೋ, ನ್ಯಾಯ ಕೇಳ್ಬೇಕೋ?"

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಊರಿಗೂ ಸಂತೆಗೂ ನಡುವೆ ಒಂದು ಗುಡ್ಡ. ಗುಡ್ಡದ ದಾರಿ ಬರೀ ಕಲ್ಲು. ಎಷ್ಟು ಹುಲ್ಲು ಹಾಸಿ ಮಡಕೆ ಜೋಡಿಸಿದರೂ ಗಾಡಿ ಸಂತೆ ಮುಟ್ಟುವಷ್ಟರಲ್ಲಿ ಅರ್ಧ ಮಡಕೆ ಒಡೆದು ಓಡಾಗುತ್ತಿದ್ದವು. ಉಳಿದರ್ಧ ಮಾರಿದರೆ ಅವನ ಮನೆಯಲ್ಲಿ ಒಂದು ಹೊತ್ತು ಒಲೆ ಉರಿಯುತ್ತಿತ್ತು, ಇನ್ನೊಂದು ಹೊತ್ತಿಗೆ ಹೆಂಡತಿ ಬಾಗಿಲು ಹಾಕಿಕೊಂಡು ಊಟವಾದವರಂತೆ ಕೂರುತ್ತಿದ್ದಳು. ದಾರಿ ಮಾಡಿಸಿಕೊಡಿ ಎಂದು ಜನ ಅರಸನನ್ನು ಕೇಳಿದರು. ಅರಸನ ಬೊಕ್ಕಸದಲ್ಲಿ ಹಣವಿರಲಿಲ್ಲ. ಅರಸರ ಬೊಕ್ಕಸದಲ್ಲಿ ದಾರಿಗೆ ಹಣವಿರುವುದು ಯಾವಾಗಲೂ ಅಪರೂಪವೇ.

ಆಗ ಒಬ್ಬ ಎಣ್ಣೆ ವ್ಯಾಪಾರಿ ಮುಂದೆ ಬಂದ. ಅದೇ ಗುಡ್ಡದಲ್ಲಿ ಅವನ ಗಾಡಿಗಳೂ ಮಗುಚಿದ್ದವು. "ದಾರಿ ನಾನು ಮಾಡಿಸ್ತೀನಿ. ಹಾಕಿದ ದುಡ್ಡು ಬರೋವರೆಗೆ ಸುಂಕ ಎತ್ತಿಕೊಳ್ಳೋಕೆ ಅಪ್ಪಣೆ ಕೊಡಿ" ಎಂದ. ಅರಸನ ಬಳಿ ಅಪ್ಪಣೆಗೆ ಬರವಿರಲಿಲ್ಲ, ಕೊಟ್ಟ.

ವ್ಯಾಪಾರಿ ಗುಡ್ಡ ಕಡಿಸಿದ, ದಾರಿ ಹಾಕಿಸಿದ. ದಾರಿಯ ಬಾಯಿಯಲ್ಲಿ ಸುಂಕದ ಕಟ್ಟೆ ಕಟ್ಟಿಸಿದ. ಕಟ್ಟೆಯ ಪಕ್ಕದಲ್ಲಿ ಸಂತೆಯ ಜನರನ್ನೆಲ್ಲ ನಿಲ್ಲಿಸಿಕೊಂಡು, ಒಂದು ಬಸರಿ ಸಸಿ ನೆಟ್ಟ. "ನಿಮಗೂ ಲೆಕ್ಕ ಬರಲ್ಲ, ನನಗೆ ಲೆಕ್ಕ ಬಂದರೂ ನೀವು ನಂಬಲ್ಲ. ಅದಕ್ಕೆ ಈ ಗಿಡವೇ ಸಾಕ್ಷಿ. ನಡುಮಧ್ಯಾಹ್ನ ಒಂದು ಜೋಡಿ ಎತ್ತಿನ ಬೆನ್ನಿಗೆ ಬಿಸಿಲು ತಾಗದಷ್ಟು ನೆರಳು ಇದು ಯಾವತ್ತು ಕೊಡುತ್ತೋ, ಅವತ್ತು ಅಡ್ಡಗಂಬ ಎತ್ತಿಬಿಡೋದು. ಆಮೇಲೆ ದಾರಿ ಎಲ್ಲರದು" ಎಂದ.

ಕುಂಬಾರನಿಗೆ ಬಿದ್ದ ಸುಂಕ ಗಾಡಿಗೊಂದು ಮಡಕೆ. ಮೊದಲ ಸಲ ಕೊಡುವಾಗ ಅವನಿಗೂ ಹೊಟ್ಟೆ ಉರಿಯಿತು. ಸಂತೆಯಲ್ಲಿ ಗಾಡಿ ಬಿಚ್ಚಿ ನೋಡಿದರೆ ಒಂದು ಮಡಕೆಯೂ ಒಡೆದಿರಲಿಲ್ಲ. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟ. ಅಂದಿನಿಂದ ಅವನ ಮನೆಯಲ್ಲಿ ಎರಡು ಹೊತ್ತೂ ಒಲೆ ಉರಿಯಿತು. ಸುಂಕದ ಮಡಕೆಯೆಂದು ಅವನು ಕಳಪೆಯದನ್ನು ಎತ್ತಿಟ್ಟವನಲ್ಲ. ತಟ್ಟಿ ನೋಡಿ, ಕಂಚಿನ ಹಾಗೆ ದನಿ ಕೊಡುವುದನ್ನೇ ಕೊಡುತ್ತಿದ್ದ. ವ್ಯಾಪಾರಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ. ಹೋಗುವಾಗೊಮ್ಮೆ ಬರುವಾಗೊಮ್ಮೆ ಕುಂಬಾರ ಬಸರಿ ಗಿಡಕ್ಕೆ ನೀರು ಹಾಕುತ್ತಿದ್ದ. ಸುಂಕ ಬೇಗ ಮುಗಿಯಲಿ ಎಂಬ ಆಸೆಯೂ ಅದರಲ್ಲಿತ್ತು, ಸುಳ್ಳೇಕೆ. ಆದರೆ ಹೆಚ್ಚಿನದು ಪ್ರೀತಿಯೇ.

ಕಾಲ ಬಂತು, ವ್ಯಾಪಾರಿ ತೀರಿಕೊಂಡ. ಅವನ ಮಕ್ಕಳು ಸುಂಕದ ಹಕ್ಕನ್ನು ಒಬ್ಬ ಗುತ್ತಿಗೆದಾರನಿಗೆ ಮಾರಿ ದೂರದ ಪಟ್ಟಣ ಸೇರಿದರು. ಗುತ್ತಿಗೆದಾರ ಹಳೆಯ ಗುಡ್ಡದ ದಾರಿಯಲ್ಲಿ ಒಂದು ಹೊರೆಯನ್ನೂ ಹೊತ್ತವನಲ್ಲ. ಅವನು ಮಡಕೆಯನ್ನು ಒಂದೇ ಕೈಯಲ್ಲಿ ತೆಗೆದುಕೊಂಡು ಮೂಲೆಗೆ ಇಡುತ್ತಿದ್ದ. ಇರಲಿ ಎಂದುಕೊಂಡ ಕುಂಬಾರ.

ಗಿಡ ಮಾತ್ರ ಬೆಳೆಯಲೊಲ್ಲದು. ಬುಡ ದಪ್ಪಗಾಯಿತು, ನೆರಳು ಅಗಲವಾಗಲಿಲ್ಲ. ಇಷ್ಟು ವರ್ಷಕ್ಕೆ ಬಸರಿ ಚಪ್ಪರದ ಹಾಗೆ ಹರಡಬೇಕಿತ್ತು. ಇದು ಕೊಡುತ್ತಿದ್ದ ನೆರಳಿನಲ್ಲಿ ಒಂದು ಎತ್ತು ನಿಂತರೆ ಇನ್ನೊಂದು ಬಿಸಿಲಿನಲ್ಲಿ. ಕುಂಬಾರ ಕುಂಬಾರನ ಹಾಗೆಯೇ ಯೋಚಿಸಿದ. ತಾನು ಹಾಕುವ ನೀರು ಬೇರಿಗೆ ಸಾಲುತ್ತಿಲ್ಲ, ತಪ್ಪು ತನ್ನದೇ ಎಂದುಕೊಂಡ. ಅರೆಸುಟ್ಟ ದೊಡ್ಡ ಮಡಕೆಯೊಂದನ್ನು ಬೇಕೆಂದೇ ಮಾಡಿ, ಗಿಡದ ಬುಡದಲ್ಲಿ ಕತ್ತಿನವರೆಗೆ ಹೂತು, ನೀರು ತುಂಬಿಸಿದ. ಅರೆಸುಟ್ಟ ಮಡಕೆ ದಿನವಿಡೀ ಜಿನುಗುತ್ತದೆ, ಬೇರು ತಣ್ಣಗಿರುತ್ತದೆ. ಮರುವರ್ಷ ಇನ್ನೊಂದು ಹೂತ. ಗಿಡ ಚಿಗುರಿದ್ದೇ ಚಿಗುರಿದ್ದು, ನೆರಳು ಮಾತ್ರ ಅಷ್ಟೇ. ಪಾಪ, ಅವನು ಗಿಡದ ಬುಡ ನೋಡುತ್ತಿದ್ದನೇ ಹೊರತು ತಲೆ ಎತ್ತಿ ಕೊಂಬೆ ನೋಡಲಿಲ್ಲ.

ಒಮ್ಮೆ ಅವನ ಮಗಳಿಗೆ ಹೆರಿಗೆಯಾದ ಸುದ್ದಿ ಬಂದು, ಸಂತೆಯಲ್ಲದ ದಿನ ಅದೇ ದಾರಿಯಲ್ಲಿ ಹೋಗಬೇಕಾಯಿತು. ಕಟ್ಟೆಯ ಹತ್ತಿರ ಬಂದಾಗ ಗುತ್ತಿಗೆದಾರ ಗಿಡದ ಮೇಲಿದ್ದ. ಕೈಯಲ್ಲಿ ಮಚ್ಚು. ಹರಡಿಕೊಂಡ ಕೊಂಬೆಗಳನ್ನು ನೋಡಿ ನೋಡಿ ಕಡಿಯುತ್ತಿದ್ದ.

"ಯಾಕೆ ಸ್ವಾಮಿ ಕಡೀತಿದ್ದೀರಿ?"

"ಮೇಕೆಗೆ ಸೊಪ್ಪು ಬೇಡ್ವಾ?" ಎಂದ ಗುತ್ತಿಗೆದಾರ. ಕೆಳಗೆ ಮೇಕೆಯೂ ಇತ್ತು ಅನ್ನಿ.

"ನೆರಳು ಬಿದ್ರೆ ದಾರಿ ಬಿಡಬೇಕು ಅಂತ ಮಾತಾಗಿತ್ತು" ಎಂದ ಕುಂಬಾರ.

ಗುತ್ತಿಗೆದಾರ ಕೆಳಗಿಳಿದ. "ನೋಡಯ್ಯಾ, ಈ ದಾರಿ ಇಲ್ದಿದ್ರೆ ಇವತ್ತಿಗೂ ನೀನು ಓಡು ಆರಿಸ್ಕೊಂಡಿರ್ತಿದ್ದೆ. ಉಂಡ ಅನ್ನದ ನೆನಪಿರಲಿ. ಆಗಲ್ಲ ಅಂದ್ರೆ ಹಳೇ ದಾರಿ ಅಲ್ಲೇ ಇದೆ, ಹೋಗು" ಎಂದ.

ಕುಂಬಾರನ ಬಾಯಿ ಕಟ್ಟಿತು. ಆ ಮಾತು ನಿಜವಾಗಿತ್ತು, ಅದೇ ಕಷ್ಟ. ಮಗಳ ಮನೆಗೆ ಹೋದ, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡ, ಆದರೂ ಮುಖ ಅರಳಲಿಲ್ಲ. ಏನಾಯಿತೆಂದು ಹೆಂಡತಿ ಕೇಳಿದಳು. ಅವಳು ಬಾಣಂತನಕ್ಕೆಂದು ಮೊದಲೇ ಅಲ್ಲಿಗೆ ಬಂದಿದ್ದಳು. ಕುಂಬಾರ ನಡೆದದ್ದನ್ನು ಹೇಳಿ, "ಅವನು ನನ್ನನ್ನ ಉಪಕಾರಗೇಡಿ ಅಂದಂಗಾಯ್ತು" ಎಂದ.

"ಉಪಕಾರ ಮಾಡಿದ್ದು ಯಾರು? ಅವನಾ?" ಎಂದಳು ಹೆಂಡತಿ. "ಮಾಡಿದ್ದು ಎಣ್ಣೆ ಸಾವ್ಕಾರ್ರು. ಅವರು ನಮಗೆ ದಾರೀನೂ ಕೊಟ್ರು, ಮಾತೂ ಕೊಟ್ರು. ದಾರಿಗೆ ನೀವು ಮಡಕೆ ಕೊಟ್ಟಿದ್ದೀರಿ. ಮಾತಿಗೆ ಏನು ಕೊಟ್ಟಿದ್ದೀರಿ?"

ಕುಂಬಾರ ಮೊಮ್ಮಗಳನ್ನು ಅವಳ ಕೈಗೆ ಕೊಟ್ಟು ಎದ್ದು ನಿಂತ.

ಮುಂದಿನ ಸಂತೆಯ ದಿನ ಅವನು ಎಂದಿನಂತೆ ಒಳ್ಳೆಯ ಮಡಕೆ ತಟ್ಟಿ ನೋಡಿ ಸುಂಕ ಕೊಟ್ಟ. ಜಗಳವಾಡಲಿಲ್ಲ. ಗಾಡಿಯನ್ನು ಮಾತ್ರ ಮುಂದೆ ಹೊಡೆಯದೆ ಬಸರಿ ಗಿಡದ ಬುಡದಲ್ಲಿ ನಿಲ್ಲಿಸಿ ಕೂತ. ಹಿಂದಿನಿಂದ ಬಂದ ಬಳೆಗಾರ ಏನು ವಿಷಯ ಎಂದ. "ಸಾವ್ಕಾರ್ರ ಗಿಡ ಕಾಯ್ತಿದ್ದೀನಿ" ಎಂದ ಕುಂಬಾರ. ಬಳೆಗಾರನಿಗೂ ಸಾವುಕಾರರ ನೆನಪಿತ್ತು, ಅವನ ಬಳೆಗಳೂ ಆ ಗುಡ್ಡದಲ್ಲಿ ಚೂರಾಗಿದ್ದವು. ಅವನೂ ಸ್ವಲ್ಪ ಹೊತ್ತು ಕೂತ. ಆಮೇಲೆ ಕಂಬಳಿ ಮಾರುವವನು, ಉಪ್ಪಿನವನು. ಒಬ್ಬ ಎದ್ದರೆ ಇನ್ನೊಬ್ಬ ಕೂರುವುದು ರೂಢಿಯಾಯಿತು. ಸಂತೆಯಲ್ಲದ ದಿನವೂ ಯಾರಾದರೊಬ್ಬರು ಬುತ್ತಿ ಬಿಚ್ಚಿ ಅಲ್ಲೇ ಉಣ್ಣುತ್ತಿದ್ದರು. ಎಲ್ಲರೂ ಸುಂಕ ಕೊಡುತ್ತಿದ್ದರು. ಎಲ್ಲರೂ ಕೊಂಬೆ ನೋಡುತ್ತಿದ್ದರು. ಇಷ್ಟು ಕಣ್ಣುಗಳ ಮುಂದೆ ಮಚ್ಚು ಹಿಡಿದು ಗಿಡ ಹತ್ತಲು ಗುತ್ತಿಗೆದಾರನಿಗೆ ಮುಖವಿರಲಿಲ್ಲ. ಮೇಕೆ ಬೇರೆ ಕಡೆ ಮೇಯಲು ಕಲಿಯಿತು.

ಬುಡದಲ್ಲಿ ಅಷ್ಟು ವರ್ಷ ಜಿನುಗಿದ ನೀರು ಆಗ ಕೆಲಸ ಮಾಡಿತು. ಗಿಡ ಹರಡಿತು. ಒಂದು ಸಂತೆಯ ನಡುಮಧ್ಯಾಹ್ನ ಕುಂಬಾರ ತನ್ನ ಎತ್ತಿನ ಜೋಡಿಯನ್ನು ಅದರ ಕೆಳಗೆ ನಿಲ್ಲಿಸಿ, ಗುತ್ತಿಗೆದಾರನನ್ನು ಮರ್ಯಾದೆಯಿಂದಲೇ ಕರೆದ. ಗುತ್ತಿಗೆದಾರ ಎತ್ತುಗಳ ಸುತ್ತ ಒಂದು ಸುತ್ತು ಬಂದ. ಎರಡರ ಬೆನ್ನ ಮೇಲೂ ಬಿಸಿಲಿರಲಿಲ್ಲ. ಇಡೀ ಸಂತೆ ನಿಂತು ನೋಡುತ್ತಿತ್ತು. ಅವನು ಹೋಗಿ ಅಡ್ಡಗಂಬ ಎತ್ತಿದ.

ಗಾಡಿಗಳು ಹೋದವು. ಕುಂಬಾರ ಹೋಗಲಿಲ್ಲ. ಗಾಡಿಯಿಂದ ಒಂದು ಮಡಕೆ ತೆಗೆದು ತಟ್ಟಿ ನೋಡಿದ. ನೀರು ತುಂಬಿಸಿ ತಂದು ಗಿಡದ ನೆರಳಿನಲ್ಲಿ, ಹಾದು ಹೋಗುವವರಿಗೆ ಕೈಗೆಟುಕುವಂತೆ ಇಟ್ಟ. "ಇದು ಸುಂಕ ಅಲ್ಲ, ಸಾವ್ಕಾರ್ರೇ. ಇದು ನಾನಾಗಿ ಕೊಟ್ಟದ್ದು" ಎಂದು ಹೇಳಿ ಕೈಮುಗಿದ. ಅವನು ಬದುಕಿರುವವರೆಗೆ ಆ ಮಡಕೆ ಬರಿದಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಮುಖದಲ್ಲಿ ನಗೆ ಬಂತು. ಟೋಲ್ ಗೇಟಿನಲ್ಲಿ ಆಡಿದ ಮಾತಿನ ಭಾರ ಇಳಿದಂತಾಯಿತು.

"ಹಾಗಾದ್ರೆ ನಾನು ಉಪಕಾರ ನೆನೆಯೋದೂ ಸರಿ, ಜಗಳ ಆಡಿದ್ದೂ ಸರಿ ತಾನೆ, ಬುದ್ಧಿ?" ಎಂದ.

ಗುರುಗಳು ಹೇಳಿದರು: "ಅಷ್ಟು ಹೊತ್ತು ಕಂಬ ಎತ್ತುವವನನ್ನ ಬೈದೆಯಲ್ಲ ಮರುಳಸಿದ್ಧ, ಅಲ್ಲಿ ಗಿಡ ಎಲ್ಲಿ ನೆಟ್ಟಿದ್ದಾರೆ ಅಂತ ಒಬ್ಬರನ್ನಾದರೂ ಕೇಳಿದೆಯಾ?"