ಕದಲದ ಕಾಲಾಳು

ಕ್ಲಬ್ಬಿನ ಚದುರಂಗದ ಹಲಗೆಯಲ್ಲಿ ಕಪ್ಪು ರಾಜನ ಮುಂದೆ ನಿಂತಿದ್ದ ಕಾಲಾಳು ಆಟ ಶುರುವಾದಾಗಿನಿಂದ ಒಂದು ಹೆಜ್ಜೆಯೂ ಕದಲಿರಲಿಲ್ಲ. ಬಿಳಿ ಕುದುರೆ ಹತ್ತಿರಕ್ಕೇ ನೆಗೆದು ಬಂದು ಮೂದಲಿಸಿತು: "ಏನಯ್ಯಾ, ಕಾಲಿಗೆ ಬೇರು ಬಿಟ್ಟಿದೆಯೋ? ನಮ್ಮಲ್ಲಿ ಕಾಲಾಳುಗಳೂ ದಂಡೆತ್ತಿ ಹೊರಟಿದ್ದಾರೆ!"

ಕಾಲಾಳಿಗೆ ನಾಚಿಕೆಯಾಯಿತು. ಆದರೂ, "ನಾನು ಸರಿದರೆ ಒಡೆಯರಿಗೆ ಮರೆಯಿಲ್ಲ, ಸ್ವಾಮಿ," ಎಂದು ಅಲ್ಲೇ ನಿಂತ.

ಏರಿ ಬಂದ ಕುದುರೆಯನ್ನು ಕಪ್ಪು ಆನೆ ಹೊಡೆಯಿತು. ಅದರ ಹಿಂದೆ ನುಗ್ಗಿದವರೂ ಒಬ್ಬೊಬ್ಬರಾಗಿ ಉರುಳಿದರು. ಆಮೇಲೆ ಆನೆ ಬರಿದಾದ ಬಯಲು ದಾಟಿ, ಒಂಟಿಯಾಗಿದ್ದ ಬಿಳಿ ರಾಜನನ್ನು ಕಟ್ಟಿಹಾಕಿತು.

ಆಟ ಮುಗಿದು ಎಲ್ಲರೂ ಒಂದೇ ಡಬ್ಬಿಗೆ ಬಿದ್ದರು. "ನೀನು ಕದಲಲೇ ಇಲ್ಲ, ನಾವು ಸೋತದ್ದು ಹೇಗೆ?" ಎಂದು ಕುದುರೆ ಬಿಕ್ಕಿತು.

ಕಾಲಾಳು ಆಗ ಮೊದಲ ಸಲ ಕದಲಿ, ಅದಕ್ಕೆ ಜಾಗ ಮಾಡಿಕೊಟ್ಟು ಮೆಲ್ಲಗೆ ಕೇಳಿದ: "ನೀವೆಲ್ಲ ನಮ್ಮ ಮನೆಗೆ ಬಂದಿರಿ. ನಿಮ್ಮ ರಾಜರ ಹತ್ತಿರ ಯಾರನ್ನು ಬಿಟ್ಟು ಬಂದಿದ್ದಿರಿ?"