ಏಳು ಕೆಜಿಗೆ ಎಷ್ಟು ಪಾವು

ಹೋದ ವಾರ ನನ್ನ ಸೊಸೆ ಫೋನು ಹಿಡ್ಕೊಂಡು ಒಲೆ ಮುಂದೆ ನಿಂತು, ಅತ್ತೆ, ಒಂದು ಕಪ್ಪಿಗೆ ಎಷ್ಟು ಗ್ರಾಮು ಅಂತ ಕೇಳಿದಳು. ಯಾವುದರ ಕಪ್ಪು ತಾಯಿ ಅಂದೆ. ಯಾವುದಾದ್ರೇನು, ಕಪ್ಪು ಕಪ್ಪೇ ಅಲ್ವಾ ಅಂದಳು. ಓದಿದ ಹುಡುಗಿ, ಅವಳೇ ಹೀಗಂದ್ರೆ ನಮ್ಮ ಪಕ್ಕದ ಮನೆ ಗವಿಯಪ್ಪನ್ನ ಮಾತ್ರ ಪೆದ್ದ ಅಂತ ಯಾಕೆ ಅನ್ನಬೇಕು ಹೇಳಿ. ಅವನ ಕತೆ ಹೇಳ್ತೀನಿ, ಕೂತ್ಕೊಳ್ಳಿ. ನಗು ಬಂದ್ರೆ ನಗಿ. ಅವನೆದುರಿಗೆ ಮಾತ್ರ ನಗಬೇಡಿ. ನೀವು ನಕ್ಕರೆ ಅವನೂ ಜೊತೆಗೆ ನಗ್ತಾನೆ, ಆಮೇಲೆ ನಿಮಗೇ ಸಂಕಟ ಆಗ್ತದೆ.

ಮಲ್ಲಾಜಮ್ಮನಿಗೆ ಅವನೊಬ್ಬನೇ ಮಗ. ಆಳೆತ್ತರ ಬೆಳೆದ, ಮೀಸೆ ಬಂತು, ಬುದ್ಧಿ ಒಂದು ಬರಲಿಲ್ಲ. ಹಾಗಂತ ಕೆಟ್ಟವನಲ್ಲ, ಸೋಮಾರಿನೂ ಅಲ್ಲ. ಹೇಳಿದ್ದು ಮಾಡ್ತಿದ್ದ. ಹೇಳಿದ್ದನ್ನೇ ಮಾಡ್ತಿದ್ದ. ಅದೇ ತೊಂದರೆ. ಹಾಲು ಉಕ್ಕೋದು ನೋಡ್ಕೊಳ್ಳೋ ಮಗಾ ಅಂತ ಹೇಳಿ ಅವ್ವ ನೀರಿಗೆ ಹೋದರೆ, ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ಹಾಲು ಉಕ್ಕಿ, ಒಲೆ ಆರಿ, ಪಾತ್ರೆ ಬರಿದಾಗೋವರೆಗೂ ಕಣ್ಣು ಮಿಟುಕಿಸದೆ ನೋಡಿದ. ಅವ್ವ ಬಂದಾಗ, ಚೆನ್ನಾಗಿ ಉಕ್ಕಿತು ಅವ್ವ ಅಂದ.

ಮಲ್ಲಾಜಮ್ಮ ದಿನಾ ಸಂಜೆ ನಮ್ಮ ಜಗಲಿಗೆ ಬಂದು ಕೂರೋಳು. ಕೂತರೆ ಒಂದೇ ಮಾತು. ನಾನು ಕಣ್ಮುಚ್ಚಿದ ಮೇಲೆ ಇವನಿಗೆ ಅನ್ನ ಬೇಯಿಸಿ ಹಾಕೋರು ಯಾರಕ್ಕ. ಊರಿದೆ ಕಣೇ, ನಾವಿದ್ದೀವಿ ಕಣೇ ಅಂತ ನಾನು ಹೇಳೋದು. ಊರಿನ ಅನ್ನ ಎರಡು ದಿನ ಅಂತ ಅವಳು ಹೇಳೋದು. ಅದೂ ನಿಜ ಬಿಡಿ.

ಆ ವರ್ಷ ಶಿವರಾತ್ರಿ ಕಳೀತಿದ್ದ ಹಾಗೇ ಅವಳಿಗೆ ಜ್ವರ ಹಿಡೀತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಮಾತ್ರೆ ಕೊಟ್ಟರು, ಎಂಟು ದಿನಕ್ಕೆ ಜ್ವರ ಬಿಡ್ತು. ಜ್ವರ ಬಿಟ್ಟರೂ ಊಟ ಸೇರಲಿಲ್ಲ. ನಾನು ಗಂಜಿ ಮಾಡಿ ತಗೊಂಡು ಹೋದರೆ ಎರಡು ಗುಟುಕು ಕುಡಿದು ಲೋಟ ಸರಿಸೋಳು. ಯಾಕೆ ಅಂದ್ರೆ, ನೀನು ಎಷ್ಟು ದಿನ ಅಂತ ತರ್ತೀಯಕ್ಕ, ಇವನ ಕೈ ಪಳಗಬೇಕು, ಇವನು ಬೇಯಿಸಿದ್ದು ತಿಂದು ನಾನು ಎದ್ದರೆ ನನಗೆ ಧೈರ್ಯ ಅನ್ನೋಳು. ಹಟಮಾರಿ ಹೆಂಗಸು! ಮೈಯಲ್ಲಿ ಪ್ರಾಣ ಇಲ್ಲ, ಮಗನಿಗೆ ಪಾಠ ಹೇಳೋಕೆ ಹೊರಟಳು.

ಮೊದಲನೇ ದಿನ ಮಂಚದಲ್ಲಿ ಮಲಗಿದ್ದಲ್ಲಿಂದಲೇ, ಒಂದು ಪಾವು ಹೆಸರುಬೇಳೆ ತಾ ಅಂದಳು. ಪಾವು ಅಂದ್ರೆ ಗೊತ್ತಲ್ಲ, ಸೇರಿನಲ್ಲಿ ಕಾಲು ಭಾಗ ಹಿಡಿಯೋ ಹಿತ್ತಾಳೆ ಅಳತೆ. ಈಗಿನವರ ಕಪ್ಪು ಅಂತಲೇ ಇಟ್ಕೊಳ್ಳಿ. ಗವಿಯಪ್ಪ ಪಾವು ಹಿಡ್ಕೊಂಡು ಅಂಗಡಿ ಶಂಭಣ್ಣನ ಹತ್ತಿರ ಹೋದ. ಶಂಭಣ್ಣ, ಪಾವಿನ ಲೆಕ್ಕ ಈಗ ಎಲ್ಲಿದೆಯಪ್ಪ, ತೂಕ ಹೇಳು ಅಂದ. ಇವನು ಯೋಚನೆ ಮಾಡಿದ. ಮಾಡಿ, ಬರೀ ಪಾವನ್ನೇ ತಕ್ಕಡಿ ಮೇಲೆ ಇಟ್ಟ. ಪಾವು ಎಷ್ಟು ತೂಗ್ತದೋ ಅಷ್ಟು ಬೇಳೆ ಕೊಡಿ, ಅವ್ವ ಪಾವು ಬೇಳೆ ಅಂದಿದ್ದಾಳೆ ಅಂದ. ಹಳೇ ಕಾಲದ ದಪ್ಪ ಹಿತ್ತಾಳೆ ಅದು. ಹೆಚ್ಚುಕಮ್ಮಿ ಎರಡು ಪಾವು ಬೇಳೆ ಬಂತು. ನೀರು ಮಾತ್ರ ಒಂದು ಪಾವಿನ ಬೇಳೆಗೆ ಎಷ್ಟು ಹೇಳಿದ್ದಳೋ ಅಷ್ಟೇ ಹಾಕಿದ. ಬೇಳೆ ಕಟ್ಟು ಆಗೋದು ಕಲ್ಲಾಯಿತು.

ಮಲ್ಲಾಜಮ್ಮ ಬೈದಳು. ಪಾವಿನ ತೂಕ ಅಲ್ಲ ಕಣೋ, ಪಾವಿನ ಒಳಗೆ ಇರೋದರ ತೂಕ. ಪಾವು ಅಂದ್ರೆ ಇನ್ನೂರು ಗ್ರಾಮು, ಇನ್ನೊಂದ್ಸಲ ಹೋದಾಗ ಇನ್ನೂರು ಗ್ರಾಮು ಅಂತ ಕೇಳು ಅಂದಳು. ಸರಿ ಅವ್ವ ಅಂದ.

ಮಾರನೇ ದಿನ ಅವಳಿಗೆ ತೆಳು ಅವಲಕ್ಕಿ ಮೊಸರು ತಿನ್ನೋ ಆಸೆ ಆಯಿತು. ಒಂದು ಪಾವು ಅವಲಕ್ಕಿ ತಾ ಅಂದಳು. ಗವಿಯಪ್ಪ ದಾರಿಯುದ್ದಕ್ಕೂ ಇನ್ನೂರು ಗ್ರಾಮು, ಇನ್ನೂರು ಗ್ರಾಮು ಅಂತ ಹೇಳ್ಕೊಂಡು ಹೋದ, ಇನ್ನೂರು ಗ್ರಾಮೇ ತಂದ. ಅವಲಕ್ಕಿ ಎಷ್ಟು ಹಗುರ ಅಂತ ನಿಮಗೆ ಗೊತ್ತು. ಇನ್ನೂರು ಗ್ರಾಮು ಅಂದ್ರೆ ನಾಕು ಪಾವಾಗ್ತದೆ. ಅಷ್ಟನ್ನೂ ಒಟ್ಟಿಗೆ ನೆನೆಸಿದ. ನೆನೆದದ್ದು ಉಬ್ಬಿತು, ಉಬ್ಬಿದ್ದು ಪಾತ್ರೆ ದಾಟಿತು, ಮನೆಯಲ್ಲಿದ್ದ ಮೊಸರು ಅದರೊಳಗೆ ಎಲ್ಲಿ ಹೋಯಿತೋ ಕಾಣಲಿಲ್ಲ. ಒಣ ಮುದ್ದೆ. ಮಲ್ಲಾಜಮ್ಮ ಒಂದು ತುತ್ತು ಬಾಯಿಗಿಟ್ಟು ನುಂಗೋಕಾಗದೆ ಉಗಿದಳು.

ಹಗುರದ್ದನ್ನ ತೂಗಬಾರದು ಕಣೋ ಮಗಾ, ಅಳೀಬೇಕು, ಪಾವು ಹಿಡ್ಕೊಂಡು ಹೋಗಿ ಗೋಪುರ ಬರೋ ಹಾಗೆ ತುಂಬಿಸ್ಕೊಂಡು ಬರಬೇಕು ಅಂತ ಹೇಳಿಕೊಟ್ಟಳು. ಸರಿ ಅವ್ವ ಅಂದ.

ಮೂರನೇ ದಿನ ಬಂದಿದ್ದು ನಮ್ಮ ಮನೆಗೆ. ಗ್ರಹಚಾರ ನೋಡಿ, ಅವಳಿಗೆ ಮಜ್ಜಿಗೆ ಬೇಕಾಗಿತ್ತು. ದೊಡ್ಡವ್ವ, ಒಂದು ಪಾವು ಮಜ್ಜಿಗೆ ಅಂತ ಪಾವು ಚಾಚಿದ. ಹುಯ್ದೆ. ತುಂಬಿತು. ಇನ್ನೂ ಹಾಕಿ ಅಂದ. ತುಂಬಿದೆಯಲ್ಲೋ ಅಂದೆ. ಗೋಪುರ ಬಂದಿಲ್ಲ ದೊಡ್ಡವ್ವ ಅಂದ. ಪಾಪ, ಅವ್ವನಿಗೆ ಜಾಸ್ತಿ ಬೇಕೇನೋ ಅಂತ ಇನ್ನಷ್ಟು ಹುಯ್ದೆ. ಅವನ ಕೈ ಮೇಲೆ ಹರೀತು, ಮೊಣಕೈ ಮೇಲೆ ಹರೀತು, ಹೊಸಿಲು ದಾಟಿತು. ಅವನು ಪಾವಿನ ಬಾಯನ್ನೇ ದಿಟ್ಟಿಸಿಕೊಂಡು, ಬರ್ತದೆ ದೊಡ್ಡವ್ವ, ಈಗ ಬರ್ತದೆ, ಹಾಕಿ ಹಾಕಿ ಅಂತಾನೇ ಇದ್ದ. ಅವನು ಹೇಳಿದ, ನಾನು ಹುಯ್ದೆ. ಅರ್ಧ ಗಡಿಗೆ ಖಾಲಿಯಾದ ಮೇಲೆ ನನಗೆ ಎಚ್ಚರ ಬಂತು. ಪೆದ್ದ ಯಾರು ಅಂತ ನನ್ನ ಸೊಸೆ ಈಗಲೂ ಕೇಳ್ತಾಳೆ.

ನನಗೆ ಬಂತು ನೋಡಿ ಸಿಟ್ಟು. ಏನು ಅಳೆದರೂ ಪಾವಿನ ಬಾಯಿಗೆ ಸಮ ಇರಬೇಕು, ಬಾಯಿಂದ ಮೇಲಿರೋದು ನಿಂದಲ್ಲ, ಮುಟ್ಟಬೇಡ ಅಂತ ಗದರಿಸಿ ಕಳಿಸಿದೆ. ಸರಿ ದೊಡ್ಡವ್ವ ಅಂದ. ಆ ಮಾತು ನಾನು ಆಡಬಾರದಾಗಿತ್ತು.

ಯಾಕಂದ್ರೆ ನಾಲ್ಕನೇ ದಿನ ನಾನೇ ಕರೆದು, ನಮ್ಮ ಹಿತ್ತಲ ನುಗ್ಗೆ ಮರದಿಂದ ಕಾಯಿ ಕಿತ್ಕೊಳ್ಳೋ, ಅವ್ವನಿಗೆ ತಿಳಿಸಾರು ಮಾಡಿಕೊಡು ಅಂದೆ. ಎಳೇ ಕಾಯಿ, ಮೊಳ ಮೊಳ ಉದ್ದ. ಇವನು ಕಿತ್ತ, ಪಾವಿನಲ್ಲಿ ನಿಲ್ಲಿಸಿದ, ಪಾವಿನ ಬಾಯಿಂದ ಮೇಲೆ ಎಷ್ಟಿತ್ತೋ ಅಷ್ಟನ್ನೂ ಮುರಿದು ಮರದ ಬುಡದಲ್ಲಿ ನೀಟಾಗಿ ಜೋಡಿಸಿಟ್ಟ. ಅದು ನಮ್ಮದಲ್ಲ ಅಲ್ವಾ, ಅದಕ್ಕೆ. ನಾಲ್ಕು ಬೆರಳು ಉದ್ದದ ತುದಿಗಳನ್ನ ಅವ್ವನ ಮುಂದೆ ಹಿಡಿದ. ಬರೀ ತುದಿ, ಅದರೊಳಗೆ ತಿರುಳೂ ಇರಲ್ಲ.

ನಾನು ಅಲ್ಲೇ ಇದ್ದೆ. ಮಲ್ಲಾಜಮ್ಮ ಆವತ್ತು ಬೈಯಲಿಲ್ಲ. ಬೈಯೋಕೂ ಶಕ್ತಿ ಬೇಕು. ಗೋಡೆ ಕಡೆ ತಿರುಗಿ ಅತ್ತಳು. ಗವಿಯಪ್ಪನಿಗೆ ಅವ್ವ ಬೈದರೆ ಗೊತ್ತಾಗ್ತದೆ, ಅತ್ತರೆ ಏನು ಮಾಡಬೇಕು ಅಂತ ಗೊತ್ತಾಗಲ್ಲ. ನುಗ್ಗೆ ತುದಿ ಕೈಯಲ್ಲಿ ಹಿಡ್ಕೊಂಡೇ ನಿಂತಿದ್ದ.

"ನಾನು ಹೋದ ಮೇಲೆ ಏನು ಮಾಡ್ತೀಯೋ ಕಂದ" ಅಂದಳು.

"ನೀನು ಹೋಗಬೇಡ" ಅಂದ.

ಅಷ್ಟೇ ಅಂದಿದ್ದು. ಅವಳು ಇತ್ತ ತಿರುಗಿ ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸ್ಕೊಂಡಳು. ಕೂರಿಸ್ಕೊಂಡು ಮೆಲ್ಲಗೆ ಹೇಳಿದಳು, ಉಳಿದಿದ್ದೆಲ್ಲ ಮರೆತುಬಿಡು ಮಗಾ, ಅಕ್ಕಿ ಒಂದು ಕಲಿ ಸಾಕು. ಅಕ್ಕಿ ಪಾವಿಗೆ ಇನ್ನೂರು ಗ್ರಾಮು. ಐದು ಪಾವಾದ್ರೆ ಒಂದು ಕೆಜಿ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು. ಯಾರಾದ್ರೂ ತೂಕದಲ್ಲಿ ಹೇಳಿದ್ರೆ ಪಾವಿಗೆ ತಿರುಗಿಸ್ಕೊಂಡು ಬೇಯಿಸು. ಗೊತ್ತಾಗದಿದ್ರೆ ಎಷ್ಟು ಅಂತ ಕೇಳು. ಇಷ್ಟು ಬಂದ್ರೆ ನೀನು ಬದುಕ್ಕೊಳ್ತೀಯ. ಹುಣಿಸೆ ಬೀಜ ತರಿಸಿ, ಐದು ಬೀಜ ಒಂದು ಗುಡ್ಡೆ, ಒಂದು ಗುಡ್ಡೆ ಒಂದು ಕೆಜಿ ಅಂತ ತೋರಿಸಿದಳು. ಅವನು ಎರಡು ದಿನ ಅದನ್ನೇ ಮಾಡ್ದ. ಕೂತಲ್ಲಿ, ನಿಂತಲ್ಲಿ, ಹಸುವಿಗೆ ಹುಲ್ಲು ಹಾಕೋವಾಗ, ಐದು ಪಾವು ಒಂದು ಕೆಜಿ, ಐದು ಪಾವು ಒಂದು ಕೆಜಿ. ಕೇಳಿ ಕೇಳಿ ನನಗೆ ಕನಸಲ್ಲೂ ಅದೇ ಬಂತು.

ಅದಾದ ಮೇಲೆ ನರ್ಸಮ್ಮ ಬಂದಳು. ತೂಕದ ಮಿಷಿನ್ನು ತಂದಿದ್ದಳು. ನಾನೂ ಅವಳೂ ಸೇರಿ ಮಲ್ಲಾಜಮ್ಮನ್ನ ಅದರ ಮೇಲೆ ನಿಲ್ಲಿಸಿದ್ವಿ. ಜ್ವರಕ್ಕೆ ಮುಂಚೆ ನಲವತ್ತೈದು ಇದ್ದೋಳು ಮೂವತ್ತೆಂಟಕ್ಕೆ ಬಂದಿದ್ದಳು. ನರ್ಸಮ್ಮ ನನ್ನನ್ನ ಬಾಗಿಲಿಗೆ ಕರೆದು ದನಿ ತಗ್ಗಿಸಿ ಹೇಳಿದಳು, ಏಳು ಕೆಜಿ ಹೋಗಿದೆ ಅಜ್ಜಿ, ಅದು ವಾಪಸ್ ಬರಬೇಕು, ಹೀಗೇ ಊಟ ಬಿಟ್ಟರೆ ಉಳಿಯೋದು ಕಷ್ಟ. ಗವಿಯಪ್ಪ ನಮ್ಮ ಹಿಂದೆಯೇ ನಿಂತಿದ್ದಾನೆ, ನಾವು ನೋಡಿಲ್ಲ.

"ಎಷ್ಟು?" ಅಂದ.

"ಏಳು ಕೆಜಿ ಕಣಪ್ಪ."

"ಯಾತರಲ್ಲಿ ಬರಬೇಕು?"

ನರ್ಸಮ್ಮನಿಗೆ ಇನ್ನೂ ನಾಲ್ಕು ಮನೆ ತಿರುಗೋದಿತ್ತು. "ಅನ್ನದಲ್ಲೇ, ಇನ್ಯಾತರಲ್ಲಿ" ಅಂತ ಹೇಳಿ ಹೊರಟು ಹೋದಳು.

ನಾನು ಮನೆಗೆ ಬಂದೆ. ಮನಸ್ಸು ಸರಿಯಿರಲಿಲ್ಲ. ನಿಜ ಹೇಳ್ತೀನಿ, ಮಲ್ಲಾಜಮ್ಮ ಉಳಿಯಲ್ಲ ಅಂತಲೇ ಅಂದ್ಕೊಂಡು ಸೆರಗು ಬಾಯಿಗಿಟ್ಟು ಅತ್ತೆ. ಮಧ್ಯಾಹ್ನದ ಹೊತ್ತಿಗೆ ಅವರ ಹಿತ್ತಲಲ್ಲಿ ಹೊಗೆ ಎದ್ದಿತು. ಏನೋ ಅಂತ ಓಡಿದೆ. ನೋಡಿದರೆ ನೀರು ಕಾಯಿಸೋ ಹಂಡೆ! ಸ್ನಾನದ ಹಂಡೆಯನ್ನ ಹುಣಿಸೆಹಣ್ಣು ಹಾಕಿ ಫಳಫಳ ಅನ್ನೋ ಹಾಗೆ ತಿಕ್ಕಿ ಒಲೆ ಮೇಲೆ ಇಟ್ಟಿದ್ದಾನೆ. ಪಕ್ಕದಲ್ಲಿ ಸೊಸೈಟಿ ಅಕ್ಕಿಯ ಖಾಲಿ ಚೀಲ. ನೆಲದ ಮೇಲೆ ಹುಣಿಸೆ ಬೀಜ, ಐದೈದರ ಏಳು ಗುಡ್ಡೆ. ಅನ್ನ ಆಗಿಹೋಗಿತ್ತು. ಸೌಟು ಸಾಲದೆ ಸಗಣಿ ಬಳಿಯೋ ಮರದ ಹಲಗೆಯನ್ನ ತೊಳ್ಕೊಂಡು ಕೆದಕ್ತಿದ್ದ. ಒಂದಗುಳು ಹಿಚುಕಿ ನೋಡಿದೆ. ಹದವಾಗಿ ಬೆಂದಿತ್ತು. ಎಪ್ಪತ್ತು ಪಾವು ನೀರನ್ನ ತಪ್ಪಿಲ್ಲದೆ ಅಳೆದಿದ್ದ, ನನ್ನ ಕೈಲಿ ಆಗ್ತಿರಲಿಲ್ಲ.

ಏನೋ ಇದು ಮುಂಡೇದೇ ಅಂದೆ. ಅವನು ಸೀದಾ ಒಳಗೆ ಹೋದ. ಹಂಡೆಯನ್ನ ಅವ್ವನ ಹತ್ತಿರ ಎತ್ಕೊಂಡು ಹೋಗೋಕಾಗಲ್ಲ ಅಂತ ಅವ್ವನ್ನೇ ಎತ್ಕೊಂಡು ಬಂದ. ಕಂಬಳಿ ಸಮೇತ ತಂದು ಹಂಡೆ ಎದುರಿಗೆ ಚಾಪೆ ಮೇಲೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟ. ಅವಳು ಹಂಡೆ ನೋಡಿದಳು, ನನ್ನ ಮುಖ ನೋಡಿದಳು, ಮಗನ ಮುಖ ನೋಡಿದಳು.

"ಇದು ನಿಂದೇ ಅವ್ವ" ಅಂದ. "ನಿನ್ನಿಂದ ಏಳು ಕೆಜಿ ಹೋಗಿತ್ತಂತೆ. ಎಲ್ಲಾ ಇಲ್ಲೇ ಇದೆ, ಮೂವತ್ತೈದು ಪಾವು. ತಿಂದು ವಾಪಸ್ ತಗೋ."

ಮಲ್ಲಾಜಮ್ಮ ನೆಲದ ಮೇಲಿನ ಗುಡ್ಡೆ ನೋಡಿದಳು. ಒಂದು, ಎರಡು ಅಂತ ಬೆರಳಲ್ಲೇ ಎಣಿಸಿದಳು. ಏಳು ಗುಡ್ಡೆ, ಐದೈದು ಬೀಜ. ಒಂದು ಬೀಜ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಲೆಕ್ಕ ಸರಿಯಾಗಿದೆ ಕಣಕ್ಕ ಅಂದಳು. ಅಂದೋಳು ನಗೋಕೆ ಶುರು ಮಾಡಿದಳು. ನಕ್ಕಳು ನೋಡಿ, ಕೆಮ್ಮು ಬರೋವರೆಗೂ ನಕ್ಕಳು, ಕಣ್ಣಲ್ಲಿ ನೀರು ಬಂತು, ಒರೆಸ್ಕೊಂಡು ಮತ್ತೆ ನಕ್ಕಳು. ಅವ್ವ ನಗೋದು ನೋಡಿ ಅವನೂ ನಕ್ಕ. ನಾನು ಬೈಯೋಣ ಅಂತ ಬಾಯಿ ತೆರೆದೋಳು ಅಳ್ತಾ ನಿಂತಿದ್ದೆ.

ಆಮೇಲೆ, ಹಾಕೋ ಮಗಾ, ಹಸಿವಾಗ್ತಿದೆ ಅಂದಳು. ಇಪ್ಪತ್ತು ದಿನದ ಮೇಲೆ ಬಂದ ಮಾತು ಅದು. ನಾನು ಓಡಿಹೋಗಿ ಮಜ್ಜಿಗೆ ತಂದೆ, ಉಪ್ಪು ತಂದೆ. ಅವನು ಕಲಸಿ ಕೊಟ್ಟ, ಅವಳು ತಿಂದಳು. ಮೊದಲು ಇಷ್ಟೇ ಇಷ್ಟು, ಆಮೇಲೆ ಇನ್ನೊಂದು ತುತ್ತು, ಆಮೇಲೆ ತಟ್ಟೆ ಖಾಲಿ.

ಉಳಿದದ್ದೇನು ಮಾಡೋದು? ಬೀದಿಯೋರನ್ನೆಲ್ಲ ಕರೆದೆ, ತಟ್ಟೆ ತಗೊಂಡು ಬನ್ನಿ ಅಂದೆ. ಗವಿಯಪ್ಪ ಹಂಡೆಗೆ ಅಡ್ಡ ನಿಂತುಬಿಟ್ಟ. ಕೊಡಲ್ಲ ಅಂದ. ಇದು ನಮ್ಮವ್ವನ ತೂಕ, ನೀವು ತಿಂದ್ರೆ ಅವ್ವ ನಿಮ್ಮ ಮನೆಗೆ ಹೋಗಿಬಿಡ್ತಾಳೆ ಅಂದ. ಯಾರೂ ನಗಲಿಲ್ಲ. ತಟ್ಟೆ ಹಿಡಿದು ಬಂದೋರು ಎರಡು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಮಲ್ಲಾಜಮ್ಮನೇ, ಇವರಿಗೆ ಸಾಲ ಕೊಡೋಣ ಮಗಾ, ನಾಳೆಯಿಂದ ದಿನಾ ಒಂದೊಂದು ಪಾವು ಅಕ್ಕಿ ತಂದು ನಮಗೆ ವಾಪಸ್ ಅಳೀತಾರೆ ಅಂತ ಒಪ್ಪಿಸಿದಳು. ಜನ ಅಳೆದರು ಕಣ್ರಪ್ಪ, ಒಬ್ಬರೂ ತಪ್ಪಿಸಲಿಲ್ಲ.

ಬಿಸಿಲು ಇಳಿದ ಮೇಲೆ ಅವನು ಅವ್ವನ್ನ ಕಂಬಳಿ ಸಮೇತ ಎತ್ಕೊಂಡ, ಒಳಗೆ ಮಲಗಿಸೋಕೆ. ಹೊಸಿಲ ಹತ್ತಿರ ಹೋದೋನು ನಿಂತ. ಅವ್ವನ್ನ ತೋಳಲ್ಲಿ ಸ್ವಲ್ಪ ಮೇಲೆತ್ತಿದ, ಸ್ವಲ್ಪ ಕೆಳಗಿಳಿಸಿದ, ಮತ್ತೆ ಮೇಲೆತ್ತಿದ. ಏನಾಯಿತೋ ಅಂತ ನಾನು ಹೆದರಿದೆ.

"ಒಂದು ಪಾವು ಬಂದಿದೆ ದೊಡ್ಡವ್ವ" ಅಂದ. "ಇನ್ನು ಮೂವತ್ನಾಲ್ಕು."